ಅವಸರದ ಸಾಲ, ವಿಳಂಬದ ಬಡ್ಡಿ



ಹೊಸ ಸ್ಮಾರ್ಟ್‌ಫೋನ್ ಒಂದು ಮಾರುಕಟ್ಟೆಗೆ ಬರುವಾಗಲೆಲ್ಲ ಎರಡು ದೂರುಗಳು ಕೇಳಿಬರುವುದು ವಾಡಿಕೆ. ಹೇಳಿದ ದಿನಕ್ಕೆ ಬರಲಿಲ್ಲವೆಂಬುದು ಒಂದು. ಬಂದದ್ದು ಸರಿಯಾಗಿ ನಡೆಯುತ್ತಿಲ್ಲವೆಂಬುದು ಇನ್ನೊಂದು. ತಂತ್ರಾಂಶದಲ್ಲಿ ಉಳಿದುಹೋಗುವ ದೋಷವನ್ನು ‘ಬಗ್’ ಎಂದು ಕರೆಯುತ್ತಾರೆಂಬುದನ್ನು, ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುತ್ತಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ದೋಷವಿದ್ದರೂ ಹೇಳಿದ ದಿನಕ್ಕೆ ಬಿಡುಗಡೆ ಮಾಡುವುದು ಮೇಲೋ, ತಡವಾದರೂ ಸರಿಪಡಿಸಿ ಕೊಡುವುದು ಮೇಲೋ? ಶಾಲೆಯ ಚರ್ಚಾಸ್ಪರ್ಧೆಗೆ ಇದು ಒಳ್ಳೆಯ ವಿಷಯವಾದೀತು. ಈ ಚರ್ಚೆಯ ಎರಡೂ ಪಕ್ಷಗಳನ್ನು ತನ್ನ ಮೈಮೇಲೆಯೇ ಎಳೆದುಕೊಂಡು ಸೋತ ಸಂಸ್ಥೆಯೊಂದರ ಚರಿತ್ರೆ ನಮ್ಮ ಕಣ್ಣೆದುರಿಗೇ ನಡೆದುಹೋಗಿದೆ. ಅದು ಬ್ಲ್ಯಾಕ್‌ಬೆರಿಯ ಕಥೆ.

ಕೆನಡಾ ದೇಶದ ಒಂಟಾರಿಯೋ ಪ್ರಾಂತದ ವಾಟರ್‌ಲೂ ಎಂಬ ಊರಿನಲ್ಲಿ 1984ರಲ್ಲಿ ಮೈಕ್ ಲಜಾರಿಡಿಸ್ ಮತ್ತು ಡಗ್ಲಸ್ ಫ್ರೆಗಿನ್ ಎಂಬ ಇಬ್ಬರು ತರುಣರು ‘ರಿಸರ್ಚ್ ಇನ್ ಮೋಷನ್’ ಎಂಬ ಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಜಿಮ್ ಬಾಲ್ಸಿಲ್ಲಿ ಎಂಬ ವ್ಯವಹಾರಕುಶಲಿ ಅವರನ್ನು ಸೇರಿಕೊಂಡರು. ಅಂಗೈಯಲ್ಲಿ ಹಿಡಿದು ಇ-ಮೇಲ್ ಓದಿ ಬರೆಯಬಲ್ಲ ಬ್ಲ್ಯಾಕ್‌ಬೆರಿಯನ್ನು ಈ ಸಂಸ್ಥೆ 1999ರಲ್ಲಿ ಹೊರತಂದಿತು. ಪುಟ್ಟ ಪುಟ್ಟ ಅಕ್ಷರಗುಂಡಿಗಳಿದ್ದ ಆ ಸಾಧನವು ಅಧಿಕಾರಿಗಳಿಗೂ ಉದ್ಯಮಿಗಳಿಗೂ ಅಚ್ಚುಮೆಚ್ಚಾಯಿತು. ಕಳಿಸಿದ ಸಂದೇಶ ತಲುಪಿಯೇ ತೀರುವುದೆಂಬ ನಂಬಿಕೆಯೇ ಅದರ ಬಂಡವಾಳವಾಗಿತ್ತು.

ಇಂತಿರಲು, 2007ರ ಜನವರಿ 9ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದ ವೇದಿಕೆಯೊಂದರ ಮೇಲೆ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಐಫೋನನ್ನು ಜಗತ್ತಿಗೆ ತೋರಿಸಿದರು. ಗುಂಡಿಗಳ ಬದಲಿಗೆ ಗಾಜಿನ ಪರದೆ. ಬೆರಳು ತಾಗಿಸಿದರೆ ಸಾಕು. ಅಂದು ಆ ಫೋನಿನ ತಂತ್ರಾಂಶ ಇನ್ನೂ ಹಸಿಯಾಗಿತ್ತೆಂದು ಅಲ್ಲಿನ ಎಂಜಿನಿಯರುಗಳೇ ಮುಂದೆ ತಿಳಿಸಿದ್ದಾರೆ. ಯಾವ ಕೆಲಸದ ನಂತರ ಯಾವುದನ್ನು ತೋರಿಸಿದರೆ ಯಂತ್ರ ಸ್ತಬ್ಧವಾಗದೆಂದು ಮೊದಲೇ ಪರೀಕ್ಷಿಸಿ, ಅದೇ ಕ್ರಮದಲ್ಲಿ ಪ್ರದರ್ಶನವನ್ನು ನಡೆಸಲಾಯಿತಂತೆ! ಆದರೆ ಗ್ರಾಹಕನ ಕೈಗೆ ಅದು ಬಂದದ್ದು ಸುಮಾರು ಆರು ತಿಂಗಳ ಬಳಿಕ, ಜೂನ್ 29ರಂದು. ಆ ನಡುವೆ ಏಪ್ರಿಲ್ ತಿಂಗಳಲ್ಲಿ ಆ್ಯಪಲ್ ಒಂದು ಪ್ರಕಟಣೆ ಹೊರಡಿಸಿತು. ಐಫೋನಿನ ಕೆಲಸಕ್ಕಾಗಿ ಎಂಜಿನಿಯರುಗಳನ್ನು ಎರವಲು ಪಡೆಯಬೇಕಾಗಿರುವುದರಿಂದ, ಜೂನ್ ತಿಂಗಳಿಗೆಂದು ಹೇಳಿದ್ದ ‘ಲೆಪರ್ಡ್’ ಎಂಬ ಕಂಪ್ಯೂಟರ್ ತಂತ್ರಾಂಶವು ಅಕ್ಟೋಬರಿಗೆ ಮುಂದೆ ಹೋಗುವುದೆಂದು ಅದು ಬಹಿರಂಗವಾಗಿ ತಿಳಿಸಿತು. ಇನ್ನೂ ಒಂದು ಸಂಗತಿ ಗಮನಾರ್ಹ. ಬರಹವನ್ನು ಒಂದೆಡೆಯಿಂದ ನಕಲಿಸಿ ಇನ್ನೊಂದೆಡೆ ಅಂಟಿಸುವ ಸಾಮಾನ್ಯ ಸೌಲಭ್ಯವೂ ಮೊದಲ ಐಫೋನಿನಲ್ಲಿ ಇರಲಿಲ್ಲ. ಅದು ಬಂದದ್ದು 2009ರಲ್ಲಿ. ಅನೇಕರು ನಕ್ಕರು. ಆದರೂ ಆ ಸಂಸ್ಥೆ ಸೌಲಭ್ಯವನ್ನು ಅರೆಬರೆಯಾಗಿ ಕೊಡದೆ, ಎರಡು ವರ್ಷ ಕೊಡದೆಯೇ ಉಳಿಯಿತು.

ಈಗ ಬ್ಲ್ಯಾಕ್‌ಬೆರಿಯ ಕಡೆಗೆ ಬರೋಣ. ಅಮೆರಿಕದಲ್ಲಿ ಐಫೋನಿಗೆ ಸಂಪರ್ಕ ಒದಗಿಸುವ ಹಕ್ಕು ಆಗ ಎಟಿ ಆ್ಯಂಡ್ ಟಿ ಸಂಸ್ಥೆಯೊಂದಕ್ಕೇ ಇತ್ತು. ಅದರ ಪ್ರತಿಸ್ಪರ್ಧಿಯಾದ ವೆರೈಝನ್ ಸಂಸ್ಥೆಗೆ ಸರಿಸಾಟಿಯಾದ ಒಂದು ಫೋನು ತುರ್ತಾಗಿ ಬೇಕಾಗಿತ್ತು. ಹೀಗೆ ಹುಟ್ಟಿದ್ದು ಬ್ಲ್ಯಾಕ್‌ಬೆರಿ ‘ಸ್ಟಾರ್ಮ್’. ಗಾಜಿನ ಪರದೆಯನ್ನೇ ಗುಂಡಿಯಂತೆ ಒತ್ತಿ, ‘ಟಕ್’ ಎಂದಾಗ ಅಕ್ಷರ ಮೂಡುವ ವಿಲಕ್ಷಣ ವಿನ್ಯಾಸ ಅದರದು. ಆದರೆ ಒಳಗಿದ್ದ ತಂತ್ರಾಂಶವು ಮೂಲತಃ ಗುಂಡಿಗಳಿದ್ದ ಹಳೆಯ ಫೋನುಗಳಿಗಾಗಿ ಬೆಳೆದುಬಂದದ್ದು. ಹಳೆಯ ಬುನಾದಿಯ ಮೇಲೆ ಹೊಸ ಉಪ್ಪರಿಗೆ ಎತ್ತಿದ ಹಾಗಾಯಿತು.

ಅಕ್ಟೋಬರಿನಲ್ಲಿ ಬರಬೇಕಾಗಿದ್ದ ಸ್ಟಾರ್ಮ್ ಬಂದದ್ದು 2008ರ ನವೆಂಬರ್ 21ರಂದು. ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನವೆಂದರೆ ಅಮೆರಿಕದ ಅಂಗಡಿಗಳಿಗೆ ನಮ್ಮ ದೀಪಾವಳಿಯ ಸಂತೆಯಿದ್ದಂತೆ. ಆ ದಿನವನ್ನು ತಪ್ಪಿಸಿಕೊಳ್ಳಬಾರದೆಂಬುದೇ ಎಲ್ಲರ ಧಾವಂತ. ಸುಣ್ಣ ಆರುವ ಮೊದಲೇ ಗೃಹಪ್ರವೇಶ ನಡೆದುಹೋಯಿತು! ಮೊದಲ ತಿಂಗಳಲ್ಲೇ ಸುಮಾರು 5 ಲಕ್ಷ ಫೋನುಗಳು ಮಾರಾಟವಾದವು. ಅದರ ಬೆನ್ನಿಗೇ ದೂರುಗಳ ಮಳೆ ಸುರಿಯಿತು. ಪರದೆ ತಡವರಿಸುವುದು, ಫೋನನ್ನು ಅಡ್ಡ ತಿರುಗಿಸಿದರೆ ಚಿತ್ರ ತಿರುಗದಿರುವುದು, ಇದ್ದಕ್ಕಿದ್ದಂತೆ ನಿಶ್ಚಲವಾಗಿಬಿಡುವುದು, ಹೀಗೆ ಒಂದೆರಡಲ್ಲ. ಸಂಸ್ಥೆ ತಿದ್ದುಪಡಿಗಳನ್ನು ಕಳಿಸಿತು. ಇಷ್ಟು ಜಟಿಲವಾದ ಫೋನುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವಾಗ ಇಂಥ ದೋಷಗಳು ಹೊಸ ವಾಸ್ತವವೆಂಬ ಅರ್ಥದಲ್ಲಿ ಬಾಲ್ಸಿಲ್ಲಿ 2009ರ ಜನವರಿಯಲ್ಲಿ ಸಮರ್ಥಿಸಿಕೊಂಡರು. ಆದರೆ ತಲುಪಿಸಿದ್ದ ಸುಮಾರು 10 ಲಕ್ಷ ಫೋನುಗಳಲ್ಲಿ ಬಹುಪಾಲನ್ನು ಬದಲಿಸಬೇಕಾಯಿತೆಂದೂ, ವೆರೈಝನ್ ಸುಮಾರು 50 ಕೋಟಿ ಡಾಲರ್ ಪರಿಹಾರ ಕೇಳಿತೆಂದೂ ಈ ಸಂಸ್ಥೆಯ ಚರಿತ್ರೆಯನ್ನು ಕುರಿತು 2015ರಲ್ಲಿ ಪ್ರಕಟವಾದ ಗ್ರಂಥವು ದಾಖಲಿಸಿದೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇತ್ತು. 2009ರ ನವೆಂಬರಿನಲ್ಲಿ ವೆರೈಝನ್ ತನ್ನ ಪ್ರಚಾರದ ಬಲವನ್ನೆಲ್ಲ ಗೂಗಲ್‌ನ ಆಂಡ್ರಾಯ್ಡ್ ತಂತ್ರಾಂಶವಿದ್ದ ಮೋಟೊರೋಲಾ ‘ಡ್ರಾಯ್ಡ್’ ಫೋನಿನ ಬೆನ್ನಿಗೆ ನಿಲ್ಲಿಸಿತು.

ಬುನಾದಿಯನ್ನೇ ಬದಲಿಸದೆ ಗತ್ಯಂತರವಿಲ್ಲವೆಂದು ಸಂಸ್ಥೆಗೆ ಮನವರಿಕೆಯಾಯಿತು. ಕೆನಡಾದವರೇ ಕಟ್ಟಿದ್ದ, ದೃಢತೆಗೆ ಹೆಸರಾದ ‘ಕ್ಯುಎನ್‌ಎಕ್ಸ್’ ಎಂಬ ತಂತ್ರಾಂಶದ ಸಂಸ್ಥೆಯನ್ನು 2010ರಲ್ಲಿ ಅದು ಕೊಂಡುಕೊಂಡಿತು. ಅದರ ಮೇಲೆ ನಿಂತ ‘ಪ್ಲೇಬುಕ್’ ಎಂಬ ಹಲಗೆ-ಗಣಕವು 2011ರ ಏಪ್ರಿಲ್‌ನಲ್ಲಿ ಬಂದಾಗ ಜನ ಬೆರಗಾದರು. ಇ-ಮೇಲ್‌ನಿಂದಲೇ ಹೆಸರಾದ ಸಂಸ್ಥೆಯ ಸಾಧನದಲ್ಲಿ ಸ್ವಂತ ಇ-ಮೇಲ್ ವ್ಯವಸ್ಥೆಯೇ ಇರಲಿಲ್ಲ! ಅದನ್ನು ಒದಗಿಸಲು 2012ರ ಫೆಬ್ರವರಿಯವರೆಗೆ ಕಾಯಬೇಕಾಯಿತು.

ಹೊಸ ಫೋನುಗಳ ಕಥೆಯೂ ಹೀಗೆಯೇ ಎಳೆಯಿತು. 2012ರ ಕೊನೆಯ ಭಾಗಕ್ಕೆ ಮೊದಲು ಅವು ಬರಲಾರವೆಂದು 2011ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಬೇಕಾದ ಚಿಪ್ಪು ಇನ್ನೂ ಸಿದ್ಧವಿಲ್ಲವೆಂದು ಕಾರಣ ಕೊಡಲಾಯಿತು. ಮರುತಿಂಗಳು ಲಜಾರಿಡಿಸ್ ಮತ್ತು ಬಾಲ್ಸಿಲ್ಲಿ ಇಬ್ಬರೂ ಮುಖ್ಯಾಧಿಕಾರಿ ಸ್ಥಾನದಿಂದ ಕೆಳಗಿಳಿದರು. ಹೊಸ ಮುಖ್ಯಸ್ಥ ಥಾರ್ಸ್ಟನ್ ಹೈನ್ಸ್ ಜೂನ್ ತಿಂಗಳಲ್ಲಿ ಮತ್ತೊಂದು ಮುಂದೂಡಿಕೆಯನ್ನು ಸಾರಿದರು. ಬೃಹತ್ ಪ್ರಮಾಣದ ತಂತ್ರಾಂಶವನ್ನು ಜೋಡಿಸಲು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಬೇಕಾಗಿದೆ, ಸಿದ್ಧವಾಗದ ವಸ್ತುವನ್ನು ತಾನು ಹೊರಬಿಡುವುದಿಲ್ಲ ಎಂಬುದು ಅವರ ನಿಲುವು. ನಾಲ್ಕು ವರ್ಷಗಳ ಹಿಂದೆ ಯಾರಾದರೂ ಈ ಮಾತನ್ನು ಹೇಳಬೇಕಾಗಿತ್ತು! ಅದೇ ದಿನ 5,000 ಮಂದಿಯ ಉದ್ಯೋಗ ಕಡಿತವೂ ಪ್ರಕಟವಾಯಿತು.

ಕೊನೆಗೂ 2013ರ ಜನವರಿ 30ರಂದು ‘ಬ್ಲ್ಯಾಕ್‌ಬೆರಿ 10’ ತಂತ್ರಾಂಶವೂ ಅದರ ‘ಝಡ್ 10’ ಫೋನೂ ಬೆಳಕು ಕಂಡವು. ತಂತ್ರಾಂಶವನ್ನು ಮೆಚ್ಚಿದವರು ಬಹಳ ಮಂದಿ. ಆದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗಾಗಿತ್ತು. ಜನರು ಆ ವೇಳೆಗೆ ಐಫೋನಿಗೂ ಆಂಡ್ರಾಯ್ಡಿಗೂ ಒಗ್ಗಿಹೋಗಿದ್ದರು. ಅದೇ ಸೆಪ್ಟೆಂಬರಿನಲ್ಲಿ, ಮಾರಾಟವಾಗದೆ ಉಳಿದ ಝಡ್ 10 ದಾಸ್ತಾನಿನ ಲೆಕ್ಕದಲ್ಲಿ 93 ಕೋಟಿ ಡಾಲರಿಗೂ ಮೀರಿದ ನಷ್ಟವನ್ನು ಸಂಸ್ಥೆ ತೋರಿಸಿತು. ಸಿಬ್ಬಂದಿಯಲ್ಲಿ ಸುಮಾರು ನೂರಕ್ಕೆ 40ರಷ್ಟು, ಅಂದರೆ 4,500 ಜನ ಕೆಲಸ ಕಳೆದುಕೊಳ್ಳಬೇಕಾಯಿತು. ತಾನೇ ಫೋನು ತಯಾರಿಸುವುದನ್ನು 2016ರಲ್ಲಿ ನಿಲ್ಲಿಸುವುದಾಗಿ ಅದು ಘೋಷಿಸಿತು. 2022ರ ಜನವರಿ 4ರಂದು ಅದರ ಹಳೆಯ ಫೋನುಗಳಿಗಿದ್ದ ಸೇವೆಯೂ ಕೊನೆಗೊಂಡಿತು.

ಹಾಗಾದರೆ ಚರ್ಚೆಯ ತೀರ್ಪೇನು? ಅವಸರ ಕೆಟ್ಟದ್ದು ಎನ್ನುವವರಿಗೆ ಸ್ಟಾರ್ಮ್ ಸಾಕ್ಷಿ. ವಿಳಂಬ ಕೆಟ್ಟದ್ದು ಎನ್ನುವವರಿಗೆ ಝಡ್ 10 ಸಾಕ್ಷಿ. ನನಗೆ ತೋರುವಂತೆ ಇವೆರಡೂ ಒಂದೇ ಲೆಕ್ಕಪುಸ್ತಕದ ಎರಡು ಪುಟಗಳು. 2008ರಲ್ಲಿ ಮಾಡದೆ ಬಿಟ್ಟ ಕೆಲಸವೇ ಸಾಲವಾಗಿ ಉಳಿದು, 2012ರಲ್ಲಿ ಬಡ್ಡಿಸಮೇತ ವಸೂಲಿಗೆ ಬಂದಿತು. ಎರಡೂ ಸಲ ದಿನಾಂಕವನ್ನು ಗೊತ್ತುಮಾಡಿದ್ದು ಎದುರಾಳಿಯ ಭಯ. ಆ್ಯಪಲ್ ಕೂಡ ಕೆಲವನ್ನು ಬಿಟ್ಟಿತು, ಕೆಲವನ್ನು ಮುಂದೂಡಿತು. ಆದರೆ ಏನನ್ನು ಬಿಡಬೇಕು, ಏನನ್ನು ತಡಮಾಡಬೇಕೆಂಬುದನ್ನು ಮೊದಲೇ ಯೋಚಿಸಿ ನಿರ್ಧರಿಸಿತು. ಆ ನಿರ್ಧಾರವನ್ನು ಕೈಗೊಳ್ಳದೆ ಹೋದವನಿಗೆ ದೋಷ ಮತ್ತು ವಿಳಂಬ ಎರಡೂ ತಪ್ಪುವುದಿಲ್ಲ. ಅದರ ಬೆಲೆ ತೆತ್ತವರು ಮುಖ್ಯಾಧಿಕಾರಿಗಳಷ್ಟೇ ಅಲ್ಲ, ವೇತನವನ್ನೇ ನಂಬಿದ್ದ ಸಾವಿರಾರು ಸಂಸಾರಗಳೂ ಹೌದು.

ಕೊನೆಯದಾಗಿ ಒಂದು ವಿಶೇಷವನ್ನು ಹೇಳಿ ಮುಗಿಸುತ್ತೇನೆ. ಫೋನುಗಳು ಹೋದರೂ ಕ್ಯುಎನ್‌ಎಕ್ಸ್ ಉಳಿದಿದೆ. ಇಂದು ಜಗತ್ತಿನ ಕೋಟ್ಯಂತರ ಕಾರುಗಳ ಒಳಗೆ ಅದು ಮೌನವಾಗಿ ಕೆಲಸ ಮಾಡುತ್ತಿದೆ. ಅಲ್ಲಿ ಮೊದಲು ಬಿಡುಗಡೆ ಮಾಡಿ ಆಮೇಲೆ ತಿದ್ದೋಣವೆನ್ನುವ ಹಾಗಿಲ್ಲ. ಚಕ್ರದ ಮೇಲೆ ಮನುಷ್ಯರ ಪ್ರಾಣವಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ, ಇನ್ನೂ ಸಿದ್ಧವಿಲ್ಲ ಎಂದು ಹಿರಿಯ ಅಧಿಕಾರಿಯೆದುರು ಎದ್ದು ನಿಂತು ಹೇಳಬೇಕಾದ ಸಂದರ್ಭ ಬಂದರೆ, ಈ ವಾಟರ್‌ಲೂ ಊರಿನ ಕಥೆ ನೆನಪಿಗೆ ಬರಲಿ. ಹಾಗೆ ಹೇಳಿದ ಅನುಭವ ಈಗಾಗಲೇ ಆಗಿದ್ದರೆ ನನಗೆ ಬರೆದು ತಿಳಿಸಿ, ಓದಲು ಕಾದಿರುತ್ತೇನೆ.