ಚೋಮನಿಗೆ ಕಂಪನಿ ನಾಟಕದ ನಟನೇ ಯಾಕೆ ಬೇಕಿತ್ತು? (ಹಳೇ ಸಿನಿಮಾ ಸರಣಿ, ಭಾಗ 3)

1975ರಲ್ಲಿ 'ಶೋಲೆ' ಬಂತು, 'ದೀವಾರ್' ಬಂತು. ಆ ವರ್ಷದ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ನಟ ಯಾರು ಹೇಳಿ ನೋಡೋಣ? ಬಚ್ಚನ್ ಅಲ್ಲ. ನಮ್ಮ ಎಂ.ವಿ. ವಾಸುದೇವರಾವ್. ಸಿನಿಮಾ 'ಚೋಮನ ದುಡಿ'.

ಹೆಸರು ಕೇಳಿಲ್ವಾ? ಪರವಾಗಿಲ್ಲ, ಅವರು ಆಗಲೂ ಸ್ಟಾರ್ ಅಲ್ಲ. ಚಿಕ್ಕ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಆಮೇಲೆ ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ. ಐವತ್ತು ದಾಟಿದ ಮೇಲೆ ಬಿ.ವಿ. ಕಾರಂತರು ಕರೆದು ಚೋಮನ ಪಾತ್ರ ಕೊಟ್ಟರು. ಕಾರಂತರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರೇ. ಹಾಗಾಗಿ ಆ ನಟನ ಮೈಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು ಅನ್ಸುತ್ತೆ.

ಕಲಾತ್ಮಕ ಸಿನಿಮಾ ಅಂದ ಕೂಡಲೇ 'ಸಹಜ ಅಭಿನಯ' ಅಂತ ಹೊಗಳ್ತೀವಿ. ಕಂಪನಿ ನಾಟಕ ಅಂದ್ರೆ ಕೂಗಾಟ ಅಂತ ಮೂಗು ಮುರೀತೀವಿ. ಇಲ್ಲಿ ಮಾತ್ರ ಲೆಕ್ಕ ಉಲ್ಟಾ. ಚೋಮ ಹೆಚ್ಚು ಮಾತಾಡೋ ಮನುಷ್ಯ ಅಲ್ಲ, ಅವನ ಸಿಟ್ಟು, ಕುಡಿತ, ದುಃಖ ಎಲ್ಲ ದುಡಿಯಲ್ಲೇ ಹೊರಗೆ ಬರಬೇಕು. ಕೈ, ಭುಜ, ಕಾಲು ಎಲ್ಲವೂ ತಾಳಕ್ಕೆ ಸಿಗಬೇಕು. ಬರೀ ಮುಖ ಸಪ್ಪಗೆ ಮಾಡ್ಕೊಂಡು ಕೂತರೆ ಆಗೋ ಕೆಲಸ ಅಲ್ಲ ಅದು. ವರ್ಷಗಟ್ಟಲೆ ರಂಗದ ಮೇಲೆ ಪಳಗಿದ ಮೈಯೇ ಬೇಕಿತ್ತು ಅನ್ನೋದು ನನ್ನ ವಾದ.

ತೀರ್ಪುಗಾರರು ಈ ಸಿನಿಮಾಕ್ಕೆ ಸ್ವರ್ಣ ಕಮಲ ಕೊಟ್ಟರು. 'ಸಂಸ್ಕಾರ'ದ ನಂತರ ಕನ್ನಡಕ್ಕೆ ಬಂದ ಎರಡನೆಯದು. ಅತ್ಯುತ್ತಮ ಕಥೆ ಪ್ರಶಸ್ತಿ ಶಿವರಾಮ ಕಾರಂತರಿಗೆ. ಕಾದಂಬರಿ ಬಂದಿದ್ದು 1933ರಲ್ಲಿ, ಅಂದ್ರೆ 42 ವರ್ಷ ಹಳೇ ಕಥೆ!

ಈಗ ನಮ್ಮ ವಿಷಯಕ್ಕೆ ಬನ್ನಿ. ಮಲ್ಲಂದೂರಲ್ಲೋ, ಮೂಡಿಗೆರೆಲೋ, ಕಳಸದಲ್ಲೋ ಬೆಳೆದ ನೀವು ಇದನ್ನ ದಕ್ಷಿಣ ಕನ್ನಡದ ಕಥೆ ಅಂತ ನೋಡೋಕೆ ಶುರು ಮಾಡ್ತೀರಿ. ಅರ್ಧಕ್ಕೆ ಬರುವಾಗ ಕಾಫಿ ಎಸ್ಟೇಟು ಬರುತ್ತೆ, ಎಸ್ಟೇಟ್ ರೈಟರ್ ಬರ್ತಾನೆ. ಚೋಮನಿಗೆ ಸಾಲ ಇರೋದೇ ಎಸ್ಟೇಟಿಗೆ. ಅದನ್ನ ತೀರಿಸೋಕೆ ಮೊದಲು ಗಂಡುಮಕ್ಕಳು ತೋಟಕ್ಕೆ ಹೋಗ್ತಾರೆ, ಆಮೇಲೆ ಮಗಳು ಬೆಳ್ಳಿ. ಕೊನೆಗೆ ಸಾಲ ಚುಕ್ತಾ ಆಗುತ್ತೆ. ಬೆಳ್ಳಿ ಅದಕ್ಕೆ ಏನು ತೆತ್ತಳು ಅನ್ನೋದು ಮಾತ್ರ ರೈಟರ್ ಪುಸ್ತಕದಲ್ಲಿ ಇರಲ್ಲ. ಬಿಕಾಂ ಓದೋ ನಮಗೆ ಲೆಡ್ಜರ್ ಎರಡೂ ಕಡೆ ಟ್ಯಾಲಿ ಆದ್ರೆ ಖುಷಿ ಅಲ್ವಾ? ಇದೊಂದನ್ನ ಟ್ಯಾಲಿ ಮಾಡಿ ನೋಡಿ.

ಚೋಮನಿಗೆ ಬೇಕಿದ್ದಿದ್ದು ಉಳೋಕೆ ತನ್ನದೇ ತುಂಡು ಭೂಮಿ. ಹೊಲೆಯ ಬೇಸಾಯ ಮಾಡಬಾರದು ಅನ್ನೋ ಕಟ್ಟು ಅದನ್ನ ಕೊಡಲಿಲ್ಲ. ಅವನ ಕಥೆ ಬರೆದವರೂ ಸಿನಿಮಾ ಮಾಡಿದವರೂ ಅವನ ಕೇರಿಯವರಲ್ಲ. ಕೊನೆಗೆ ಚೋಮ ಎತ್ತುಗಳನ್ನ ಕಾಡಿಗೆ ಅಟ್ಟಿ, ಗುಡಿಸಲ ಬಾಗಿಲು ಹಾಕ್ಕೊಂಡು, ದುಡಿ ಬಾರಿಸ್ತಾ ಸಾಯ್ತಾನೆ. ನೋಡಿದವರೆಲ್ಲ ಮೆಚ್ಚೋ ದೃಶ್ಯ ಅದು, ನನಗೂ ಇಷ್ಟ. ಆದ್ರೆ ಕೇರಿಯವರೇ ಯಾರಾದ್ರೂ ಬರೆದಿದ್ರೆ ಬಾಗಿಲು ಹಾಕಿಸ್ತಿದ್ರಾ? ಪ್ರಶಸ್ತಿ ಪಟ್ಟಿ ಈ ಪ್ರಶ್ನೆ ಕೇಳಲ್ಲ, ನಾವು ಕೇಳಬಹುದು. ಕಾಮೆಂಟಲ್ಲಿ ಜಗಳ ಆಡಿ, ಪರವಾಗಿಲ್ಲ.

ವಾಸುದೇವರಾವ್ ಮುಂದೇನಾದ್ರು? 1977ರಲ್ಲಿ ಮೃಣಾಲ್ ಸೇನ್ ತಮ್ಮ ತೆಲುಗು ಚಿತ್ರ 'ಒಕ ಊರಿ ಕಥ'ಕ್ಕೆ ಅವರನ್ನೇ ಕರೆದರು. ಪ್ರೇಮಚಂದರ 'ಕಫನ್' ಕಥೆಯ ಮುದಿ ತಂದೆಯ ಪಾತ್ರ. ಇನ್ನೊಂದಂತೂ ನಿಮ್ಮಲ್ಲಿ ಅರ್ಧ ಜನ ನೋಡೇ ಇರ್ತೀರಿ: ಮಣಿರತ್ನಂ ಅವರ 'ನಾಯಗನ್'ನಲ್ಲಿ ಅನಾಥ ವೇಲುವನ್ನ ಸಾಕೋ ಹುಸೇನ್ ಭಾಯಿ. ಅವರೇ ಇವರು! 2002ರಲ್ಲಿ ತೀರಿಕೊಂಡರು.

ಕನ್ನಡ ಸಿನಿಮಾಕ್ಕೆ ಮತ್ತೆ ಅತ್ಯುತ್ತಮ ನಟ ಪ್ರಶಸ್ತಿ ಬರೋಕೆ 1986ರ 'ತಬರನ ಕಥೆ'ವರೆಗೆ ಕಾಯಬೇಕಾಯ್ತು. ನಟ ಚಾರುಹಾಸನ್, ಕಥೆ ಮೂಡಿಗೆರೆಯ ನಮ್ಮ ತೇಜಸ್ವಿಯವರದು. ಭಾಗ 4ರಲ್ಲಿ ಅದೇ.