ನೋಟಿನೊಳಗಿನ ಗುರುತು, ಫೋಟೊ ಮೇಲಿನ ಗುರುತು

ಐನೂರರ ನೋಟು ಕೈಗೆ ಬಂದರೆ ಅಂಗಡಿಯವರು ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಖಾಲಿ ಬಿಟ್ಟಂತೆ ಕಾಣುವ ಜಾಗದಲ್ಲಿ ಗಾಂಧೀಜಿಯ ಮುಖ ಮೂಡಿದರೆ ನೋಟು ಗಲ್ಲಾಪೆಟ್ಟಿಗೆ ಸೇರುತ್ತದೆ. ಮೂಡದಿದ್ದರೆ ಗಿರಾಕಿಗೆ ವಾಪಸಾಗುತ್ತದೆ.

ಇನ್ನೊಂದು ದೃಶ್ಯ. ದಸರೆಯ ಕರಪತ್ರಕ್ಕೆ ದೀಪ ಬೆಳಗಿದ ಮೈಸೂರು ಅರಮನೆಯ ಚಿತ್ರ ಬೇಕು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಆದರೆ ಚೆನ್ನಾಗಿರುವ ಚಿತ್ರಗಳ ನಟ್ಟನಡುವೆ ತೆಳು ಬಿಳಿ ಅಕ್ಷರಗಳಲ್ಲಿ ಯಾವುದೋ ಕಂಪೆನಿಯ ಹೆಸರು. ಅದನ್ನು ಅಳಿಸಿಕೊಡುವ ತಂತ್ರಾಂಶಗಳೂ ಅಷ್ಟೇ ಸುಲಭವಾಗಿ ಸಿಗುತ್ತವೆ.

ಎರಡು ಗುರುತಿಗೂ ಹೆಸರು ಒಂದೇ: ವಾಟರ್‌ಮಾರ್ಕ್. ಕನ್ನಡದಲ್ಲಿ ನೀರುಗುರುತು ಎನ್ನಬಹುದು. ಆದರೆ ಅವು ಆಡುವ ಮಾತು ತದ್ವಿರುದ್ಧ. ನೋಟಿನ ಗುರುತು 'ಇದು ಅಸಲಿ, ತೆಗೆದುಕೊಳ್ಳಿ' ಎನ್ನುತ್ತದೆ. ಫೋಟೊ ಮೇಲಿನದು 'ಇನ್ನೂ ಹಣ ಸಂದಿಲ್ಲ, ಬಳಸಬೇಡಿ' ಎನ್ನುತ್ತದೆ. ಮೊದಲನೆಯದು ಇಲ್ಲದಿದ್ದರೆ ನೋಟಿಗೆ ಬೆಲೆಯಿಲ್ಲ. ಎರಡನೆಯದು ಹಣ ಕೊಟ್ಟ ಮೇಲೆ ತಾನಾಗಿ ಮಾಯವಾಗುತ್ತದೆ. ಒಂದೇ ಹೆಸರಿನಡಿ ಈ ಎರಡು ಅರ್ಥ ಬಂದದ್ದು ಹೇಗೆ?

ಇಟಲಿಯ ತಂತಿ

ಕೈಯಿಂದ ಕಾಗದ ಮಾಡುವ ಕಾಲದಲ್ಲಿ ಚಿಂದಿಬಟ್ಟೆಯನ್ನು ಕುಟ್ಟಿ, ನೀರಿನಲ್ಲಿ ಕದಡಿ, ಆ ತಿಳಿಯನ್ನು ತಂತಿಯ ಜರಡಿಯಲ್ಲಿ ಎತ್ತುತ್ತಿದ್ದರು. ನೀರು ಸೋರಿಹೋಗಿ ನಾರು ಉಳಿದರೆ ಅದೇ ಹಾಳೆ. ಜರಡಿಯ ಮೇಲೆ ಇನ್ನೊಂದು ತಂತಿಯನ್ನು ಬಗ್ಗಿಸಿ ಹೊಲಿದರೆ ಅಲ್ಲಿ ನಾರು ತೆಳುವಾಗಿ ಕೂರುತ್ತದೆ. ಒಣಗಿದ ಹಾಳೆಯನ್ನು ಬೆಳಕಿಗೆ ಹಿಡಿದಾಗ ತಂತಿಯ ಆಕಾರ ಹೊಳೆಯುತ್ತದೆ.

ಇದನ್ನು ಮೊದಲು ಬಳಕೆಗೆ ತಂದವರು ಇಟಲಿಯ ಫ್ಯಾಬ್ರಿಯಾನೊ ಎಂಬ ಊರಿನ ಸುತ್ತಮುತ್ತಲ ಕಾಗದದವರು ಎನ್ನುತ್ತಾರೆ. ಈಗ ತಿಳಿದಿರುವ ಅತ್ಯಂತ ಹಳೆಯ ಗುರುತು 1282ರದ್ದು. ಶಿಲುಬೆ, ಎತ್ತಿನ ತಲೆ, ಕೈ, ಹೂವು ಹೀಗೆ ಒಬ್ಬೊಬ್ಬರದು ಒಂದೊಂದು ಚಿಹ್ನೆ. ಅದು ಕುಶಲಕರ್ಮಿಯ ಸಹಿ. 'ಈ ಹಾಳೆ ನನ್ನದು' ಎನ್ನುವುದಷ್ಟೇ ಅದರ ಉದ್ದೇಶ. ಸ್ವಿಟ್ಜರ್ಲೆಂಡಿನ ಷಾರ್ಲ್ ಬ್ರಿಕೆ 1907ರಲ್ಲಿ ಇಂಥ 16,112 ಗುರುತುಗಳ ನಕಲು ತೆಗೆದು ಗ್ರಂಥ ಪ್ರಕಟಿಸಿದ. ತಾರೀಖಿಲ್ಲದ ಹಳೆಯ ದಾಖಲೆಯ ಕಾಲ ನಿರ್ಣಯಿಸಲು ವಿದ್ವಾಂಸರು ಇಂದಿಗೂ ಅದನ್ನು ತೆರೆಯುತ್ತಾರೆ.

ಈ ಸಹಿ ರಾಜಮುದ್ರೆಯ ಬಲ ಪಡೆದದ್ದು ಕಾಗದದ ಹಣ ಬಂದ ಮೇಲೆ. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ನೋಟುಗಳಿಗೆ ವಾಟರ್‌ಮಾರ್ಕಿನ ಕಾಗದ ತರಿಸತೊಡಗಿದ್ದು 1697ರಲ್ಲಿ. ಆ ಗುರುತನ್ನು ನಕಲು ಮಾಡಿದವರಿಗೆ ಮರಣದಂಡನೆ ಎಂದು 1773ರಲ್ಲಿ ಕಾನೂನೇ ಬಂತು.

ಮೇಟಗಳ್ಳಿಯ ನೋಟು

ಮೈಸೂರಿನಿಂದ ಕೃಷ್ಣರಾಜಸಾಗರದ ಕಡೆ ಹೋಗುವಾಗ ಸಿಗುವ ಮೇಟಗಳ್ಳಿ ಒಂದು ಕಾಲದ ಹಳ್ಳಿ, ಈಗ ನಗರದ ಕೈಗಾರಿಕಾ ಪ್ರದೇಶ. ನೀರುಗುರುತಿನ ಕಥೆ ನಮ್ಮ ಬಾಗಿಲಿಗೆ ಬರುವುದು ಇಲ್ಲಿಯೇ. ರಿಸರ್ವ್ ಬ್ಯಾಂಕು 1995ರಲ್ಲಿ ಸ್ಥಾಪಿಸಿದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಯ ಮೈಸೂರು ಮುದ್ರಣಾಲಯ 1996ರಲ್ಲಿ ಕೆಲಸ ಆರಂಭಿಸಿತು. ಅದರ ಸುತ್ತಲಿನ ಬಡಾವಣೆಗೆ ನೋಟ್ ಮುದ್ರಣ ನಗರ ಎಂದೇ ಹೆಸರು. ಗಾಂಧೀಜಿಯ ಚಿತ್ರವಿರುವ ಹೊಸ ನೋಟುಗಳ ಮಾಲೆ ಬಂದದ್ದೂ ಅದೇ 1996ರಲ್ಲಿ. ಅದಕ್ಕೆ ಮೊದಲು ಬೆಳಕಿಗೆ ಹಿಡಿದರೆ ಕಾಣುತ್ತಿದ್ದದ್ದು ಅಶೋಕಸ್ತಂಭದ ಸಿಂಹಗಳು.

ಆದರೆ ಅಚ್ಚು ಹಾಕಿದ ಮಾತ್ರಕ್ಕೆ ನೀರುಗುರುತು ಬರುವುದಿಲ್ಲ. ಅದು ಕಾಗದದ ಜತೆಗೇ ಹುಟ್ಟಬೇಕು. 1968ರಿಂದ ಮಧ್ಯಪ್ರದೇಶದ ಹೋಷಂಗಾಬಾದಿನ, ಈಗಿನ ನರ್ಮದಾಪುರಂನ, ಗಿರಣಿ ಈ ಕಾಗದ ತಯಾರಿಸುತ್ತಿತ್ತು. ಅದು ಸಾಲದೆ ವಿದೇಶದಿಂದಲೂ ತರಿಸಬೇಕಾಗಿತ್ತು. ಈ ಅವಲಂಬನೆ ತಪ್ಪಿಸಲು 2010ರಲ್ಲಿ ಮೈಸೂರಿಗಾಗಿ ಬ್ಯಾಂಕ್ ನೋಟ್ ಪೇಪರ್ ಮಿಲ್ ಕಂಪೆನಿ ರಚನೆಯಾಯಿತು. ಅದರ ವಾರ್ಷಿಕ ಸಾಮರ್ಥ್ಯ 12,000 ಟನ್. ನೋಟಿನ ಕಾಗದಕ್ಕೆ ಮರದ ತಿರುಳಲ್ಲ, ಹತ್ತಿ ಬಳಸುತ್ತಾರೆ. ಬೆವರಿದ ಕೈಯಿಂದ ಕೈಗೆ ದಾಟಿಯೂ ಅದು ಬಾಳುವುದಕ್ಕೆ ಇದೇ ಕಾರಣ.

ಮುಖ ಮೂಡಿಸುವ ತಂತ್ರ ಹಳೆಯದೇ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಸ್ಮಿತ್ 1848ರಲ್ಲಿ ಬರೀ ತಂತಿಯ ಬದಲು ಜರಡಿಯನ್ನೇ ಉಬ್ಬುತಗ್ಗಾಗಿ ಒತ್ತುವ ಉಪಾಯ ಕಂಡುಹಿಡಿದ. ಉಬ್ಬಿದ ಕಡೆ ನಾರು ಕಡಿಮೆ ಕೂತು ಹಾಳೆ ಬೆಳ್ಳಗೆ ಕಾಣುತ್ತದೆ. ತಗ್ಗಿನಲ್ಲಿ ಹೆಚ್ಚು ಕೂತು ಕಪ್ಪಾಗುತ್ತದೆ. ಹೀಗೆ ನೆರಳು ಬೆಳಕು ಸೇರಿ ಮುಖವಾಗುತ್ತದೆ. ಗಾಂಧೀಜಿಯ ಆ ಮುಖದಲ್ಲಿ ಒಂದು ತೊಟ್ಟು ಶಾಯಿಯೂ ಇಲ್ಲ. ನೋಟನ್ನು ಹರಿಯದೆ ಅದನ್ನು ತೆಗೆಯಲಾಗದು.

ನೆಗೆಟಿವ್ ಇಲ್ಲದ ಕಾಲ

ಛಾಯಾಚಿತ್ರಕ್ಕೆ ಇಂಥ ಕಾವಲು ಎಂದೂ ಇರಲಿಲ್ಲ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923-2009) ಅವರ ಚಿತ್ರಗಳು 'ಲೈಫ್', 'ಟೈಮ್'ನಂಥ ಪತ್ರಿಕೆಗಳಲ್ಲಿ ಅಚ್ಚಾದವು. ಅವರ ಪೀಳಿಗೆಯ ಛಾಯಾಗ್ರಾಹಕರು ಪ್ರಿಂಟಿನ ಬೆನ್ನಿಗೆ ಹೆಸರು, ವಿಳಾಸದ ರಬ್ಬರ್ ಸ್ಟಾಂಪು ಒತ್ತಿ ಅಂಚೆಗೆ ಹಾಕುತ್ತಿದ್ದರು. ಪ್ರಿಂಟು ಎಲ್ಲಿಗೇ ಹೋಗಲಿ, ನೆಗೆಟಿವ್ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ತಕರಾರು ಬಂದರೆ ಅದೇ ಸಾಕ್ಷಿ.

ಚಿತ್ರಗಳನ್ನು ಕೂಡಿಟ್ಟು ಬಾಡಿಗೆಗೆ ಕೊಡುವ ಭಂಡಾರಗಳು ಹುಟ್ಟಿದ್ದೂ ಆ ಕಾಲದಲ್ಲೇ. ಹಿಟ್ಲರನ ಜರ್ಮನಿಯಿಂದ ಚಿತ್ರಗಳ ಟ್ರಂಕುಗಳೊಂದಿಗೆ ಪಾರಾಗಿ ಬಂದ ಆಟೊ ಬೆಟ್‌ಮನ್ 1936ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಸಂಗ್ರಹ ಇವುಗಳಲ್ಲಿ ಹೆಸರಾದದ್ದು. ಅದನ್ನು 1995ರಲ್ಲಿ ಕೊಂಡದ್ದು ಬಿಲ್ ಗೇಟ್ಸ್ ಅವರ ಕಾರ್ಬಿಸ್ ಕಂಪೆನಿ. ಗೆಟ್ಟಿ ಕಂಪೆನಿ ಶುರುವಾದದ್ದೂ ಅದೇ ವರ್ಷ. 2000ದಲ್ಲಿ ಐಸ್ಟಾಕ್‌ಫೋಟೊ, 2003ರಲ್ಲಿ ಷಟರ್‌ಸ್ಟಾಕ್ ಬಂದ ಮೇಲೆ ಹವ್ಯಾಸಿಗಳೂ ತಮ್ಮ ಚಿತ್ರಗಳನ್ನು ಮಾರುವಂತಾಯಿತು.

ಆದರೆ ಪರದೆಯ ಮೇಲಿನ ಚಿತ್ರಕ್ಕೆ ಬೆನ್ನಿಲ್ಲ, ಸ್ಟಾಂಪು ಒತ್ತುವಂತಿಲ್ಲ. ನಕಲಿಗೂ ಅಸಲಿಗೂ ವ್ಯತ್ಯಾಸವಿಲ್ಲ. ಗಿರಾಕಿಗೆ ತೋರಿಸಿದ ಕ್ಷಣವೇ ಸರಕು ಅವನ ಕೈ ಸೇರಿರುತ್ತದೆ. ಹಾಗಾಗಿ ಸರಕನ್ನು ಅರ್ಧ ಕೆಡಿಸಿಯೇ ತೋರಿಸಬೇಕಾಯಿತು. ಅದೇ ಚಿತ್ರದ ಮೇಲಿನ ವಾಟರ್‌ಮಾರ್ಕ್. ಕಣ್ಣಿಗೆ ಕಾಣದಂತೆ ಚಿತ್ರದ ಚುಕ್ಕಿಗಳಲ್ಲೇ ಸಂಕೇತ ಅಡಗಿಸುವ ಇನ್ನೊಂದು ವಿಧವೂ ಇದೆ. ಡಿಜಿಮಾರ್ಕ್ ಕಂಪೆನಿಯ ಈ ಸೌಲಭ್ಯ ಫೋಟೊಷಾಪ್ ತಂತ್ರಾಂಶದೊಳಗೆ ಬಂದದ್ದು 1996ರಲ್ಲಿ, ಗಾಂಧೀಜಿಯ ಮುಖ ನೋಟಿನ ಕಾಗದಕ್ಕೆ ಬಂದ ವರ್ಷವೇ.

ಕಾಣುವ ಗುರುತು ಎಷ್ಟು ದುರ್ಬಲ ಎಂಬುದನ್ನು ಗೂಗಲ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಸಾವಿರಾರು ಚಿತ್ರಗಳ ಮೇಲೆ ಒಂದೇ ಗುರುತು ಇದ್ದರೆ, ಅವುಗಳನ್ನು ಹೋಲಿಸಿ ಕಂಪ್ಯೂಟರ್ ಆ ಗುರುತನ್ನಷ್ಟೇ ಬೇರ್ಪಡಿಸಿ ಅಡಿಯ ಚಿತ್ರ ಬಿಡಿಸಿಕೊಡುತ್ತದೆ. ಪ್ರತಿ ಚಿತ್ರದಲ್ಲೂ ಗುರುತನ್ನು ತುಸು ತಿರುಚುವುದೇ ಅವರು ಸೂಚಿಸಿದ ಪರಿಹಾರ. 2023ರಲ್ಲಿ ಗೆಟ್ಟಿ ಕಂಪೆನಿ ಸ್ಟೆಬಿಲಿಟಿ ಎಐ ಮೇಲೆ ಮೊಕದ್ದಮೆ ಹೂಡಿದಾಗ, ಯಂತ್ರ ತಾನೇ ರಚಿಸಿದ ಚಿತ್ರಗಳಲ್ಲಿ ಗೆಟ್ಟಿಯ ವಾಟರ್‌ಮಾರ್ಕ್ ಸೊಟ್ಟಸೊಟ್ಟಾಗಿ ಮೂಡಿದ್ದನ್ನು ಮುಂದಿಟ್ಟಿತು. ಅಳಿಸಲೆಂದು ಜನ ಹೆಣಗುವ ಗುರುತೇ ಇಲ್ಲಿ ಸಾಕ್ಷಿ ಹೇಳಲು ಬಂತು.

'ಫ್ರೀ' ಎಂದರೆ ಪುಕ್ಕಟೆಯಲ್ಲ

ಹಣ ಕೊಟ್ಟವರಿಗೆ ಸಿಗುವುದು ಚಿತ್ರವಲ್ಲ, ಲೈಸೆನ್ಸು. ಮನೆ ಕೊಳ್ಳುವುದಕ್ಕೂ ಬಾಡಿಗೆಗೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. 'ರೈಟ್ಸ್ ಮ್ಯಾನೇಜ್ಡ್' ಎಂಬ ಪದ್ಧತಿಯಲ್ಲಿ ಎಲ್ಲಿ, ಎಷ್ಟು ದಿನ, ಎಷ್ಟು ಪ್ರತಿ ಎಂಬುದರ ಮೇಲೆ ದರ. 'ರಾಯಲ್ಟಿ ಫ್ರೀ' ಎಂಬುದನ್ನು ಪುಕ್ಕಟೆ ಎಂದು ತಿಳಿದು ಎಡವಿದವರು ಬಹಳ. ಒಮ್ಮೆ ಹಣ ಕೊಟ್ಟರೆ ಪ್ರತಿ ಸಲದ ಬಳಕೆಗೆ ಮತ್ತೆ ಕೊಡಬೇಕಿಲ್ಲ ಎಂದಷ್ಟೇ ಅದರ ಅರ್ಥ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ತೆಗೆದವರಿಗೆ ಹಕ್ಕು ತಾನಾಗಿ ಬರುತ್ತದೆ, ನೋಂದಣಿ ಬೇಕಿಲ್ಲ. ಅರಮನೆಯಂಥ ಕಟ್ಟಡದ ಚಿತ್ರ ತೆಗೆದು ಪ್ರಕಟಿಸಿದರೆ ಕಟ್ಟಡದ ಕೃತಿಸ್ವಾಮ್ಯಕ್ಕೆ ಭಂಗವಿಲ್ಲ, ಆದರೆ ಆ ಚಿತ್ರದ ಹಕ್ಕು ತೆಗೆದವರದೇ. ಇನ್ನು ಹಣ ಕೊಟ್ಟು ತೆಗೆಸಿದ ಮದುವೆಯ ಫೋಟೊಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಸ್ಟುಡಿಯೊದವರದಲ್ಲ, ತೆಗೆಸಿದವರದು. ಇದು ಎರಡು ಕಡೆಯವರಲ್ಲೂ ಹಲವರಿಗೆ ಗೊತ್ತಿಲ್ಲ.

2012ರ ತಿದ್ದುಪಡಿ ಎರಡು ದೊಡ್ಡ ಬದಲಾವಣೆ ತಂದಿತು. ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತಿದ್ದ ಛಾಯಾಚಿತ್ರದ ಹಕ್ಕು, ಕವಿ ಲೇಖಕರ ಹಕ್ಕಿನಂತೆ ಛಾಯಾಗ್ರಾಹಕನ ಜೀವಿತಾವಧಿ ಹಾಗೂ ನಂತರದ 60 ವರ್ಷಕ್ಕೆ ವಿಸ್ತರಿಸಿತು. ಎರಡನೆಯದು 65ಬಿ ಕಲಮು. ಕೃತಿಯ ಮೇಲೆ ಕರ್ತೃವಿನ ಹೆಸರು, ಹಕ್ಕಿನ ವಿವರ ತಿಳಿಸುವ ಮಾಹಿತಿಯನ್ನು ಗೊತ್ತಿದ್ದೂ ಅಳಿಸಿದರೆ ಎರಡು ವರ್ಷದವರೆಗೆ ಸಜೆ, ಜತೆಗೆ ದಂಡ. ಚಿತ್ರ ಕದಿಯುವುದು ಒಂದು ತಪ್ಪಾದರೆ, ಅದರ ಮೇಲಿನ ಹೆಸರು ಅಳಿಸುವುದು ಪ್ರತ್ಯೇಕ ತಪ್ಪು.

ನೋಟಿನ ಗುರುತನ್ನು ಕಾಯಲು ಸರ್ಕಾರವಿದೆ, ಗಿರಣಿಯಿದೆ, ಪಹರೆಯಿದೆ. ಫೋಟೊ ಮೇಲಿನ ಗುರುತಿನ ಹಿಂದೆ ಇರುವುದು ಬಹುಮಟ್ಟಿಗೆ ಒಬ್ಬನೇ ಮನುಷ್ಯ. ದಸರೆಯ ಸಂಜೆ ದೀಪ ಹತ್ತುವ ಗಳಿಗೆಗಾಗಿ ಟ್ರೈಪಾಡ್ ಹೂಡಿ ಗಂಟೆಗಟ್ಟಲೆ ಕಾದವನು. ಕೋರ್ಟು ಕಚೇರಿ ಅಲೆಯುವ ಶಕ್ತಿ ಎಲ್ಲ ಛಾಯಾಗ್ರಾಹಕರಿಗೂ ಇರುವುದಿಲ್ಲ. ಅಲ್ಲಿ ಗುರುತನ್ನು ನಿಜವಾಗಿ ಉಳಿಸಬೇಕಾದವರು ಬಳಸುವವರೇ. ನೋಟನ್ನು ಬೆಳಕಿಗೆ ಹಿಡಿದು ನೋಡುವುದು ನಮಗೆ ಅಭ್ಯಾಸವಾಗಿದೆ. ಫೋಟೊ ಕೈಗೆ ಬಂದಾಗ ಇದು ಯಾರದ್ದು ಎಂದು ಕೇಳುವ ಅಭ್ಯಾಸವೂ ಹಾಗೆಯೇ ಬರಬೇಕಾಗಿದೆ.