ಸುವಾಲಿಯ ಲಂಗರುದಾಣ: ಸೂರತ್ ಬಂದರಿನ ಚರಿತ್ರೆಗೆ ಒಂದು ಟಿಪ್ಪಣಿ

ಹದಿನೇಳನೆಯ ಶತಮಾನದ ವ್ಯಾಪಾರವನ್ನು ಕುರಿತ ಕನ್ನಡ ಬರೆಹಗಳಲ್ಲಿ 'ಸೂರತ್ ಬಂದರಿಗೆ ಹಡಗುಗಳು ಬಂದು ನಿಂತವು' ಎಂಬ ವಾಕ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ವಾಕ್ಯವು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಹಾಗೆಯೇ ಅಂಗೀಕರಿಸಿದರೆ ಆ ಕಾಲದ ರಾಜಕೀಯದ ಮುಖ್ಯವಾದ ಒಂದು ಕೊಂಡಿ ಕಳಚಿಹೋಗುತ್ತದೆ. ಸೂರತ್ ನಗರವು ತಾಪಿ ನದಿಯ ದಂಡೆಯಲ್ಲಿ, ಸಮುದ್ರದಿಂದ ಹಲವು ಮೈಲಿ ಒಳಗಿದೆ. ನದಿಯ ಅಳಿವೆಯಲ್ಲಿ ಮರಳಿನ ದಿಬ್ಬವಿದ್ದುದರಿಂದ ಭಾರ ಹೇರಿದ ದೊಡ್ಡ ಹಾಯಿಹಡಗುಗಳು ನಗರದವರೆಗೆ ಏರಿಬರುವುದು ಸಾಧ್ಯವಿರಲಿಲ್ಲ. ಅವು ನಿಲ್ಲುತ್ತಿದ್ದುದು ಅಳಿವೆಯಿಂದ ಉತ್ತರಕ್ಕಿದ್ದ ಸುವಾಲಿ ಎಂಬ ಹಳ್ಳಿಯ ಎದುರಿಗೆ. ಇಂಗ್ಲಿಷರ ಕಾಗದಪತ್ರಗಳಲ್ಲಿ ಇದೇ 'ಸ್ವಾಲಿ'.

ಸುವಾಲಿಯಲ್ಲಿ ನಮ್ಮ ಕರಾವಳಿಯವರು ಕಲ್ಪಿಸಿಕೊಳ್ಳುವಂಥ, ಗುಡ್ಡಗಳು ತಬ್ಬಿಕೊಂಡ ಕೊಲ್ಲಿಯಿಲ್ಲ. ತೀರ ಚಪ್ಪಟೆಯಾಗಿದೆ. ಆದರೆ ತೀರಕ್ಕೆ ಸಮಾಂತರವಾಗಿ ಸಮುದ್ರದೊಳಗೆ ಉದ್ದನೆಯ ಮರಳದಿಬ್ಬವೊಂದಿದ್ದು, ಇಳಿತದ ಹೊತ್ತಿನಲ್ಲಿ ಅದು ನೀರಿನಿಂದ ಮೇಲೇಳುತ್ತಿತ್ತು. ದಿಬ್ಬಕ್ಕೂ ದಡಕ್ಕೂ ನಡುವೆ ಸುಮಾರು ಏಳು ಮೈಲಿ ಉದ್ದ, ಒಂದೂವರೆ ಮೈಲಿ ಅಗಲದ ನೀರಿನ ಓಣಿ. ಪಶ್ಚಿಮದಿಂದ ಬರುವ ಅಲೆ ದಿಬ್ಬದ ಮೇಲೆ ಒಡೆದು, ಒಳಗೆ ನಿಂತ ಹಡಗಿಗೆ ಅದರ ಏಟು ತಟ್ಟುತ್ತಿರಲಿಲ್ಲ. 1611ರಲ್ಲಿ ಹೆನ್ರಿ ಮಿಡಲ್‌ಟನ್ ಈ ತಾಣವನ್ನು 'ಕಂಡುಹಿಡಿದ'ನೆಂದು ಹೇಳುವುದುಂಟು. ತಲೆಮಾರುಗಳಿಂದ ಆ ನೀರಿನಲ್ಲಿ ದೋಣಿ ನಡೆಸುತ್ತಿದ್ದವರಿಗೆ ಅದು ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ. ಆಳವನ್ನಳೆದು ಕಾಗದಕ್ಕೆ ಏರಿಸಿದವನಿಗೆ ಶೋಧಕನ ಪಟ್ಟ ದೊರೆಯುವುದು ಚರಿತ್ರೆಯಲ್ಲಿ ಹೊಸದೇನಲ್ಲ.

ಇಂಥಲ್ಲಿ ಲಂಗರು ಹಾಕುವುದು ಸುಲಭದ ಕೆಲಸವಾಗಿರಲಿಲ್ಲ. ಖಂಭಾತ್ ಕೊಲ್ಲಿಯ ಒಳಭಾಗದಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರವಿಳಿತದ ಅಂತರ ಹತ್ತು ಮೀಟರನ್ನೂ ಮೀರುತ್ತದೆ. ಸುವಾಲಿಯಲ್ಲಿ ಅದು ಅಷ್ಟಿಲ್ಲದಿದ್ದರೂ, ಎರಡು ಮೀಟರಿನ ಆಸುಪಾಸಿನಲ್ಲಿರುವ ಕಾರವಾರದ ಅಂತರಕ್ಕೆ ಹೋಲಿಸಿದರೆ ಬಹಳ ಹೆಚ್ಚು. ಉಬ್ಬರದಲ್ಲಿ ನೀರು ಉತ್ತರಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಅದೇ ವೇಗದಿಂದ ದಕ್ಷಿಣಕ್ಕೆ ಮರಳುತ್ತದೆ. ಒಂದೇ ಲಂಗರಿನ ಮೇಲೆ ನಿಂತ ಹಡಗು ಹಗಲಿರುಳಿನಲ್ಲಿ ನಾಲ್ಕು ಬಾರಿ ದಿಕ್ಕು ಬದಲಿಸಿ ತಿರುಗುತ್ತದೆ. ಹಾಗೆ ತಿರುಗುವಾಗ ಹಗ್ಗ ಲಂಗರಿನ ಕೊಕ್ಕೆಗೆ ಸುತ್ತಿಕೊಂಡರೆ ಲಂಗರೇ ಕಿತ್ತುಬರುತ್ತದೆ. ಆದ್ದರಿಂದ ಉಬ್ಬರದ ಕಡೆಗೊಂದು, ಇಳಿತದ ಕಡೆಗೊಂದು, ಹೀಗೆ ಎರಡು ಲಂಗರುಗಳನ್ನು ಇಳಿಸಿ ಹಡಗನ್ನು ನಡುವೆ ನಿಲ್ಲಿಸುವುದು ಇಂಥ ಇಕ್ಕಟ್ಟಿನ ನೀರಿನಲ್ಲಿ ನಾವಿಕರು ಅನುಸರಿಸುವ ಕ್ರಮ. ಹಗ್ಗವನ್ನು ಉದ್ದ ಬಿಟ್ಟಷ್ಟೂ ಲಂಗರಿನ ಹಿಡಿತ ಗಟ್ಟಿ. ಆದರೆ ಓಣಿಯಲ್ಲಿ ಹೆಚ್ಚು ಉದ್ದ ಬಿಟ್ಟರೆ ಹಿಂಬದಿ ಮರಳಿಗೆ ತಗಲುತ್ತದೆ.

ಲಂಗರುದಾಣದ ಈ ಸ್ವರೂಪವೇ ಸೂರತ್ತಿನ ರಾಜಕೀಯವನ್ನು ಬಹುಮಟ್ಟಿಗೆ ನಿರ್ಣಯಿಸಿತೆಂಬುದು ನಮ್ಮ ಅಭಿಪ್ರಾಯ. 1608ರಲ್ಲಿ ಬಂದ ವಿಲಿಯಂ ಹಾಕಿನ್ಸನ ಹಡಗು ತಾಪಿಯ ಅಳಿವೆಯ ಹೊರಗೆ ನಿಂತಿತ್ತು. ನಗರಕ್ಕೂ ಹಡಗಿಗೂ ನಡುವೆ ಓಡಾಡುತ್ತಿದ್ದ ಅವನ ದೋಣಿಗಳನ್ನು ಪೋರ್ಚುಗೀಸರು ಸುಲಭವಾಗಿ ಹಿಡಿದುಕೊಂಡರು. 1612ರ ನವೆಂಬರಿನ ಕೊನೆಯಲ್ಲಿ ಥಾಮಸ್ ಬೆಸ್ಟನ ಎರಡು ಹಡಗುಗಳು ಸುವಾಲಿಯ ಬಳಿ ಪೋರ್ಚುಗೀಸರ ನಾಲ್ಕು ಗ್ಯಾಲಿಯನ್‌ಗಳನ್ನು ಎದುರಿಸಿದಾಗ, ಆ ದೊಡ್ಡ ಹಡಗುಗಳ ಪೈಕಿ ಕೆಲವು ಮರಳಿಗೆ ಸಿಕ್ಕಿಕೊಂಡವು. 1615ರ ಜನವರಿಯಲ್ಲಿ ಗೋವೆಯ ವೈಸ್‌ರಾಯ್ ತಾನೇ ದೊಡ್ಡ ನೌಕಾಪಡೆಯೊಡನೆ ಬಂದನು. ನಿಕೋಲಸ್ ಡೌನ್‌ಟನ್ ತನ್ನ ನಾಲ್ಕು ಹಡಗುಗಳನ್ನು ಓಣಿಯೊಳಗೇ ಇರಿಸಿಕೊಂಡನು. ಭಾರಿ ಗ್ಯಾಲಿಯನ್‌ಗಳಿಗೆ ಅಲ್ಲಿ ನುಗ್ಗುವಷ್ಟು ನೀರಿರಲಿಲ್ಲ. ಇಂಗ್ಲಿಷ್ ಇತಿಹಾಸಕಾರರು ಈ ಪ್ರಸಂಗಗಳನ್ನು ಶೌರ್ಯಕ್ಕೆ ನಿದರ್ಶನವಾಗಿ ಬರೆದಿದ್ದಾರೆ. ಮರಳದಿಬ್ಬಕ್ಕೂ ಇದರಲ್ಲಿ ಪಾಲಿದೆಯೆಂದು ಒಪ್ಪಿದರೆ ಆ ಶೌರ್ಯಕ್ಕೇನೂ ಕುಂದಿಲ್ಲ. ಈ ಎರಡು ಕದನಗಳ ನಡುವೆ, 1613ರಲ್ಲಿ, ಜಹಾಂಗೀರನ ತಾಯಿಗೆ ಸೇರಿದ 'ರಹೀಮೀ' ಎಂಬ ಭಾರಿ ಹಡಗು, ಪೋರ್ಚುಗೀಸರದೇ ರಹದಾರಿಯನ್ನು ಪಡೆದಿದ್ದರೂ, ಅವರ ಕೈವಶವಾಯಿತು. ನೆಲದ ಮೇಲೆ ಚಕ್ರವರ್ತಿಯಾದವನಿಗೆ ನೀರಿನ ಮೇಲೆ ಹಕ್ಕಿರಲಿಲ್ಲ.

ಅಹಮದಾಬಾದಿನ ಸಮೀಪದ ಸರ್ಖೇಜಿನ ನೀಲಿಯೂ ವಡೋದರೆಯ ಬಟ್ಟೆಯೂ ಇಷ್ಟು ದೂರದ ಸುವಾಲಿಗೇ ಏಕೆ ಬರಬೇಕಾಯಿತು? ಖಂಭಾತ್ ಅಹಮದಾಬಾದಿಗೆ ಹೆಚ್ಚು ಹತ್ತಿರ. ಆದರೆ ಅದರ ಎದುರಿನ ಕಡಲು ಹೂಳಿನಿಂದ ತುಂಬುತ್ತ ಬಂದಿತ್ತು. ಗೋಡೆಯಂತೆ ಏರಿಬರುವ ಉಬ್ಬರದಲ್ಲಿ ದೊಡ್ಡ ಹಡಗು ನಿಲ್ಲುವಂತಿರಲಿಲ್ಲ. ಹೀಗಾಗಿ ಸರಕು ಗಾಡಿಗಳಲ್ಲಿಯೋ ಸಣ್ಣ ದೋಣಿಗಳಲ್ಲಿಯೋ ದಕ್ಷಿಣಕ್ಕೆ ಸಾಗಿತು. ಹಡಗುಗಳಿರುವ ತಿಂಗಳುಗಳಲ್ಲಿ ಸುವಾಲಿಯ ಮರಳಿನ ಮೇಲೆ ಡೇರೆ, ಗುಡಿಸಲುಗಳ ಪೇಟೆಯೇ ಏಳುತ್ತಿತ್ತು. ನೈಋತ್ಯ ಮಾರುತಕ್ಕೆ ಮುಂಚೆ ಎಲ್ಲವೂ ಬರಿದಾಗುತ್ತಿತ್ತು, ಏಕೆಂದರೆ ಮಳೆಗಾಲದ ಕಡಲನ್ನು ತಡೆಯುವ ಶಕ್ತಿ ಆ ದಿಬ್ಬಕ್ಕಿರಲಿಲ್ಲ.

ಕನ್ನಡ ಅಧ್ಯಯನಕ್ಕೆ ಇದರ ಪ್ರಸಕ್ತಿಯೇನೆಂದು ಕೇಳಬಹುದು. ಲಾಟದೇಶವು ಕನ್ನಡಿಗರಿಗೆ ಹೊರನಾಡಲ್ಲ. ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕ ಸುವರ್ಣವರ್ಷನ ಕ್ರಿ.ಶ. 812ರ ತಾಮ್ರಶಾಸನದಲ್ಲಿ ಬರುವ ವಡಪದ್ರಕ ಗ್ರಾಮವೇ ಇಂದಿನ ವಡೋದರೆ. ಅಹಮದಾಬಾದ್ ಜಿಲ್ಲೆಯ ಲೋಥಲ್‌ನಲ್ಲಿ ಇನ್ನೂರು ಮೀಟರಿಗೂ ಮಿಕ್ಕ ಉದ್ದದ ಇಟ್ಟಿಗೆಯ ಕೊಳವನ್ನು ಅಗೆದು, ಅದು ಹಡಗುಕಟ್ಟೆಯೆಂದು ವಾದಿಸಿದ ಎಸ್. ಆರ್. ರಾವ್ ಅವರು ಕನ್ನಡಿಗರು. ಅದು ನೀರಾವರಿಯ ಕೆರೆಯೆಂಬ ಪ್ರತಿವಾದವೂ ಇದೆ. ಆ ಚರ್ಚೆಯ ತಿರುಳೂ ಇದೇ ಪ್ರಶ್ನೆ: ಇಷ್ಟು ಏರಿಳಿಯುವ ನೀರಿನಲ್ಲಿ ಹಡಗನ್ನು ಎಲ್ಲಿ ನಿಲ್ಲಿಸುವುದು?

ಇನ್ನೂ ಹತ್ತಿರದ ನಂಟನ್ನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಒದಗಿಸುತ್ತಾನೆ. 1623ರ ಫೆಬ್ರವರಿಯಲ್ಲಿ ಸುವಾಲಿಯಲ್ಲಿ ಇಳಿದು, ಸೂರತ್, ಖಂಭಾತ್, ಅಹಮದಾಬಾದುಗಳನ್ನು ನೋಡಿ, ಗೋವೆಗೆ ಹೋಗಿ, ಅದೇ ವರ್ಷದ ಕೊನೆಯೊಳಗೆ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಇಕ್ಕೇರಿಯ ವೆಂಕಟಪ್ಪನಾಯಕನ ರಾಜಧಾನಿಯನ್ನು ತಲುಪಿದವನು ಅವನು. ಅವನನ್ನು ನಾವು ಕೆಳದಿಯ ಚರಿತ್ರೆಗೆ ಆಕರವಾಗಿ ಮಾತ್ರ ಓದುತ್ತ ಬಂದಿದ್ದೇವೆ. ಒಂದೇ ವರ್ಷದಲ್ಲಿ ಎರಡು ತೀರಗಳನ್ನು ಕಂಡವನಾಗಿಯೂ ಅವನನ್ನು ಓದಬೇಕಾಗಿದೆ.

ನಮ್ಮ ಪ್ರಾಚೀನ ಕಾವ್ಯಗಳು ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರಕ್ಕೆ ಸ್ಥಾನವಿದೆ, ಲಂಗರುದಾಣಕ್ಕಿಲ್ಲ. 'ಬಹಿತ್ರ' ಎಂಬ ಪದ ಹಳಗನ್ನಡದಲ್ಲಿದೆ, ಆದರೆ 'ಲಂಗರು', 'ಬಂದರು' ಎರಡೂ ಪಾರಸಿಯಿಂದ ಬಂದವು. 'ರೇವು', 'ಅಳಿವೆ' ನಮ್ಮವು. ಈ ನಾಲ್ಕನ್ನೂ ಒಂದರ ಬದಲು ಒಂದಾಗಿ ಬಳಸುವ ರೂಢಿ ಚರಿತ್ರೆಯ ಬರೆಹಕ್ಕೆ ತಕ್ಕುದಲ್ಲ. ಶರಾವತಿಯ ಅಳಿವೆಯಲ್ಲಿ ಮರಳದಿಬ್ಬವಿರುವ ಹೊನ್ನಾವರವು ತಾಪಿಯ ಸೂರತ್ತನ್ನು ಹೋಲುತ್ತದೆ, ಕಾರವಾರ ಹಾಗಲ್ಲ. 1638ರಲ್ಲಿ ಕೋರ್ಟೀನನ ಕೂಟದ ಇಂಗ್ಲಿಷರು ಅಲ್ಲಿ ಕೋಠಿ ತೆರೆದುದಕ್ಕೆ ಮೆಣಸು ಮಾತ್ರವೇ ಕಾರಣವಾಗಿರಲಾರದು. ಕಾರವಾರದ ಭೂಶಿರವು ನೈಋತ್ಯದ ಗಾಳಿಯನ್ನು ಕಲ್ಲಿನಿಂದಲೇ ತಡೆಯುತ್ತದೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಸೂಚನೆ ಬಂದಾಗ ಅನ್ಯರಾಜ್ಯಗಳ ಮೀನುಗಾರಿಕಾ ದೋಣಿಗಳು ಇಂದಿಗೂ ಅದರ ಮರೆಗೆ ಬಂದು ಲಂಗರು ಹಾಕುತ್ತವೆ.